ಬಿಲ್ಲಿನ ಮೇಲ್ ಹಾದಿ ತಪ್ಪಿದರೆ: ಸಾಫ್ಟ್‌ವೇರ್ ಹೆಸರಿನ ಹೆಡರ್‌ನಲ್ಲಿ ದೋಷ ಹುಡುಕುವ ಕೈಪಿಡಿ

ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳಿರಲಿ, ಬಳ್ಳಾರಿಯ ಜೀನ್ಸ್ ಘಟಕಗಳಿರಲಿ, ರಾಯಚೂರಿನ ಹತ್ತಿ ವ್ಯಾಪಾರವಿರಲಿ, ಬಿಲ್ಲು ಈಗ ಮೇಲ್‌ನಲ್ಲೇ ಹೋಗುತ್ತದೆ. ಬಹಳಷ್ಟು ಕಡೆ ಅದನ್ನು ಕಳಿಸುವುದು ಊರಲ್ಲೇ ಬರೆಸಿಕೊಂಡ ಬಿಲ್ಲಿಂಗ್ ಸಾಫ್ಟ್‌ವೇರ್. ಸುಗ್ಗಿಯಲ್ಲಿ ಲಾರಿ ಲೋಡ್ ಆಗಿ ಗೇಟಿಗೆ ಬಂದು ನಿಂತಾಗ ಆ ಕಡೆಯಿಂದ ‘ಬಿಲ್ ಬಂದಿಲ್ಲಲ್ರೀ, ಏನೇನೋ ಅಕ್ಷರ ಬಂದಾವ’ ಎಂದು ಫೋನ್ ಬಂದರೆ, ಮುನೀಮರು ಮೊದಲು ಬೈಯುವುದು ಇಂಟರ್ನೆಟ್‌ಗೆ, ಆಮೇಲೆ ಸಾಫ್ಟ್‌ವೇರ್ ಬರೆದವರಿಗೆ. ಈ ಬರಹ ಆ ಎರಡನೆಯವರಿಗಾಗಿ. ಅಂಥ ಸಾಫ್ಟ್‌ವೇರ್ ಬರೆಯುವವರು, ರಿಪೇರಿ ಮಾಡುವವರು, ಗಿರಣಿಯ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಓದಲಿ ಎಂದು ಬರೆದದ್ದು.

ಇಲ್ಲಿ ಹೇಳುವುದು ಒಂದೇ ಒಂದು ಹೆಡರ್ ವಿಷಯ. ಪ್ರತಿ ಮೇಲ್‌ನ ತಲೆಯಲ್ಲಿ ಯಾರಿಂದ, ಯಾರಿಗೆ, ಯಾವ ದಿನ, ಏನು ವಿಷಯ ಎಂಬ ಸಾಲುಗಳಿರುತ್ತವೆ, ಇವೇ ಹೆಡರ್‌ಗಳು. ಅವುಗಳ ಜೊತೆಗೆ ಹಲವು ಸಾಫ್ಟ್‌ವೇರ್‌ಗಳು ತಮ್ಮದೇ ಹೆಸರು, ವರ್ಷನ್ ಹೇಳುವ ಒಂದು ಸಾಲನ್ನು ಸೇರಿಸುತ್ತವೆ. ಅದರ ಹೆಸರು ‘ಎಕ್ಸ್-ಮೇಲರ್’ ಅಥವಾ ‘ಯೂಸರ್-ಏಜೆಂಟ್’. ಇಂಟರ್ನೆಟ್‌ನ ನಿಯಮಗಳನ್ನು ಬರೆದಿಟ್ಟ ದಾಖಲೆಗಳಿಗೆ ಆರ್‌ಎಫ್‌ಸಿ ಎನ್ನುತ್ತಾರೆ. ಮೇಲ್‌ನ ಮೂಲ ನಿಯಮ ಆರ್‌ಎಫ್‌ಸಿ 5322, 2008ರದ್ದು. ಅದು ಈ ಸಾಲನ್ನು ಬೇಕೇ ಬೇಕು ಎನ್ನುವುದಿಲ್ಲ, ಇದರ ರೂಪವನ್ನೂ ಹೇಳುವುದಿಲ್ಲ. ಐಚ್ಛಿಕ ಹೆಡರ್‌ಗಳಿಗೆ ಬಿಟ್ಟ ಜಾಗದಲ್ಲಿ ಇದು ಕೂರುತ್ತದೆ. ‘ಯೂಸರ್-ಏಜೆಂಟ್’ ಹೇಗಿರಬೇಕು ಎಂದು ಬರೆದದ್ದು ನೆಟ್‌ನ್ಯೂಸ್ ಎಂಬ ಹಳೆಯ ಚರ್ಚಾ ಗುಂಪುಗಳ ವ್ಯವಸ್ಥೆಗಾಗಿ ಬಂದ ಆರ್‌ಎಫ್‌ಸಿ 5536, 2009ರಲ್ಲಿ. ಮೇಲ್‌ಗೂ ಅದೇ ರೂಪ ಹಿಡಿದರೆ ಸಾಕು.

ಕಡ್ಡಾಯವಲ್ಲದ ಸಾಲನ್ನು ಏಕೆ ಹಾಕಬೇಕು? ಅಕ್ಕಿ ಚೀಲದ ಮೇಲಿನ ಗಿರಣಿಯ ಮುದ್ರೆಯ ಹಾಗೆ ಇದು. ಅನ್ನ ಮಾಡುವವರಿಗೆ ಅದರಿಂದ ಏನೂ ಆಗಬೇಕಿಲ್ಲ, ಆದರೆ ಅಕ್ಕಿಯಲ್ಲಿ ಕಲ್ಲು ಸಿಕ್ಕ ದಿನ ಯಾವ ಗಿರಣಿಯದು ಎಂದು ತಿಳಿಯುವುದು ಆ ಮುದ್ರೆಯಿಂದಲೇ. ಕೆಟ್ಟ ಮೇಲ್ ಯಾವ ಸಾಫ್ಟ್‌ವೇರ್‌ನ ಯಾವ ವರ್ಷನ್‌ನಿಂದ ಹೊರಟಿತು ಎಂದು ಪತ್ತೆ ಹಚ್ಚಲು ಈ ಸಾಲು ಇದೆ. ಆದ್ದರಿಂದ ನನ್ನ ನಿಲುವು ಸ್ಪಷ್ಟ: ಹಾಕಿದರೆ ನಿಯಮದ ರೂಪದಲ್ಲಿ, ನಿಜವಾದ ಹೆಸರಿನಲ್ಲಿ ಹಾಕಿ. ಆಗದಿದ್ದರೆ ಹಾಕಲೇಬೇಡಿ. ಅರ್ಧಂಬರ್ಧ ಬರೆದ ಈ ಒಂದು ಸಾಲು ಇಡೀ ಮೇಲನ್ನು ಕೆಡಿಸಬಲ್ಲದು.

ಒಂದು ಸೂಚನೆ. ಈ ಬರಹದಲ್ಲಿ ಹೆಡರ್ ಹೆಸರುಗಳನ್ನೂ ಉದಾಹರಣೆಗಳನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನಿಮ್ಮ ಕೋಡ್‌ನಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲೇ ಬರೆಯಬೇಕು. ನಮ್ಮ ಸಾಫ್ಟ್‌ವೇರ್ ಹೆಸರು ‘ಗಿರಣಿಬಿಲ್’, ವರ್ಷನ್ 2.4 ಎಂದು ಇಟ್ಟುಕೊಳ್ಳೋಣ.

ಲಕ್ಷಣ ಯಾವುದೇ ಇರಲಿ, ಮೊದಲು ಈ ಎರಡು ಕೆಲಸ

ದುಡ್ಡು ಖರ್ಚಿಲ್ಲದ, ಐದು ನಿಮಿಷದ ಪರೀಕ್ಷೆ: ಆ ಸಾಲನ್ನೇ ತೆಗೆದು ಅದೇ ಬಿಲ್ಲನ್ನು ಮತ್ತೆ ಕಳಿಸಿ. ಖರೀದಿದಾರರಿಗಲ್ಲ, ನಿಮ್ಮದೇ ಎರಡು ಮೇಲ್‌ಬಾಕ್ಸ್‌ಗಳಿಗೆ, ಎರಡೂ ಬೇರೆ ಬೇರೆ ಕಂಪನಿಯವಾಗಿರಲಿ. ಸಾಲು ತೆಗೆದಾಗ ಸರಿಹೋಗಿ, ಹಾಕಿದಾಗ ಮತ್ತೆ ಕೆಟ್ಟರೆ ದೋಷ ಆ ಸಾಲಿನಲ್ಲಿದೆ, ಮುಂದೆ ಓದಿ. ತೆಗೆದರೂ ಹಾಗೇ ಇದ್ದರೆ ಈ ಹೆಡರ್ ನಿರಪರಾಧಿ. ಆಗ ಮೇಲ್ ಪಾಸ್‌ವರ್ಡ್, ಎಸ್‌ಪಿಎಫ್ (ನಿಮ್ಮ ಡೊಮೇನ್ ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂಬ ಪಟ್ಟಿ), ಅಟ್ಯಾಚ್‌ಮೆಂಟ್ ಗಾತ್ರ ಇವುಗಳ ಕಡೆ ಹೋಗಿ.

ಪಿಎಚ್‌ಪಿಮೇಲರ್ ಎಂಬ ಮೇಲ್ ಕಳಿಸುವ ಲೈಬ್ರರಿ ಬಳಸುವವರು ಒಂದು ಗಮನಿಸಬೇಕು. ಅದರ ‘ಎಕ್ಸ್‌ಮೇಲರ್’ ಜಾಗವನ್ನು ಖಾಲಿ ಬಿಟ್ಟರೆ ಸಾಲು ಹೋಗುವುದಿಲ್ಲ, ಲೈಬ್ರರಿ ತನ್ನದೇ ಹೆಸರನ್ನು ಹಾಕಿಬಿಡುತ್ತದೆ. ಸಾಲೇ ಬೇಡ ಎಂದರೆ ಅಲ್ಲಿ ಒಂದು ಸ್ಪೇಸ್ ಅಥವಾ ನಲ್ ಕೊಡಬೇಕು. ಇದು ಗೊತ್ತಿಲ್ಲದೆ ‘ತೆಗೆದು ನೋಡಿದೆ, ಏನೂ ಬದಲಾಗಲಿಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ಬರುವುದು ಸುಲಭ.

ಎರಡನೆಯ ಕೆಲಸ, ಬಂದು ತಲುಪಿದ ಮೇಲ್‌ನ ಕಚ್ಚಾ ಪ್ರತಿ ತೆಗೆಯುವುದು. ಜಿಮೇಲ್ ಆದರೆ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ಆರಿಸಿ, ಅಲ್ಲಿಂದ ಫೈಲ್ ಆಗಿ ಇಳಿಸಿಕೊಳ್ಳಿ. ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್ ಮತ್ತು ಯು. ಖರೀದಿದಾರರಿಂದ ಪ್ರತಿ ಬೇಕಿದ್ದರೆ ಮೇಲನ್ನು ‘ಇಎಂಎಲ್’ ಫೈಲ್ ಆಗಿ ಉಳಿಸಿ ಕಳಿಸಲು ಹೇಳಿ. ಫಾರ್ವರ್ಡ್ ಮಾಡಿದರೆ ಹಳೆಯ ಹೆಡರ್‌ಗಳು ಉಳಿಯುವುದಿಲ್ಲ. ವಾಟ್ಸಾಪ್‌ನಲ್ಲಿ ಬಂದ ಸ್ಕ್ರೀನ್‌ಶಾಟ್‌ನಿಂದಂತೂ ಏನೂ ತಿಳಿಯದು. ಕಚ್ಚಾ ಪ್ರತಿಯಲ್ಲಿ ದರ, ಜಿಎಸ್‌ಟಿ ನಂಬರ್, ಖರೀದಿದಾರರ ವಿಳಾಸ ಎಲ್ಲವೂ ಇರುತ್ತದೆ, ಅದನ್ನು ಸಿಕ್ಕ ಗುಂಪಿಗೆ, ಸಿಕ್ಕ ಆನ್‌ಲೈನ್ ಟೂಲ್‌ಗೆ ಹಾಕಬೇಡಿ.

ಲಕ್ಷಣ: ಪಿಡಿಎಫ್ ಬರಬೇಕಾದಲ್ಲಿ ಅಕ್ಷರಗಳ ರಾಶಿ, ಹೆಡರ್ ಸಾಲುಗಳು ಮೇಲ್‌ನ ಒಳಗೇ ಕಾಣುತ್ತವೆ

ಈ ಹೆಡರ್ ಮಾಡುವ ಅನಾಹುತಗಳಲ್ಲಿ ಅತಿ ದೊಡ್ಡದು ಇದೇ. ಮೇಲ್ ತೆರೆದರೆ ಮೇಲ್ಗಡೆ ‘ಕಂಟೆಂಟ್-ಟೈಪ್’ ಎಂಬಂಥ ಒಂದೆರಡು ಸಾಲು, ಅದರ ಕೆಳಗೆ ಪುಟಗಟ್ಟಲೆ ಅರ್ಥವಿಲ್ಲದ ರೋಮನ್ ಅಕ್ಷರ. ಅಟ್ಯಾಚ್‌ಮೆಂಟ್ ಗುರುತೇ ಇಲ್ಲ.

ಕಾರಣ ಸರಳ. ಮೇಲ್‌ನಲ್ಲಿ ಹೆಡರ್ ಎಲ್ಲಿ ಮುಗಿಯಿತು, ಒಳಗಿನ ವಿಷಯ ಎಲ್ಲಿ ಶುರುವಾಯಿತು ಎಂದು ತೋರಿಸುವುದು ಒಂದು ಖಾಲಿ ಸಾಲು. ಬೇರೆ ಯಾವ ಗುರುತೂ ಇಲ್ಲ. ಹೆಡರ್‌ಗಳ ನಡುವೆ ಎಲ್ಲೋ ಒಂದು ಖಾಲಿ ಸಾಲು ನುಸುಳಿದರೆ, ಓದುವ ಪ್ರೋಗ್ರಾಂ ‘ಹೆಡರ್ ಮುಗಿಯಿತು’ ಎಂದು ತಿಳಿದು ಉಳಿದ ಹೆಡರ್‌ಗಳನ್ನೆಲ್ಲ ಪತ್ರದ ವಿಷಯವೆಂದೇ ತೋರಿಸುತ್ತದೆ. ‘ಇದು ಅಟ್ಯಾಚ್‌ಮೆಂಟ್, ಬಿಚ್ಚಿ ತೋರಿಸು’ ಎಂದು ಹೇಳಬೇಕಿದ್ದ ಹೆಡರ್ ಕೆಳಗೆ ಬಿದ್ದಿರುವುದರಿಂದ ಪಿಡಿಎಫ್ ಬಿಚ್ಚುವವರೇ ಇರುವುದಿಲ್ಲ.

ಕಚ್ಚಾ ಪ್ರತಿಯಲ್ಲಿ ಖಾಲಿ ಸಾಲಿನ ಮೇಲಿರುವ ಕೊನೆಯ ಹೆಡರ್ ಯಾವುದು ನೋಡಿ. ಅದು ‘ಎಕ್ಸ್-ಮೇಲರ್’ ಅಥವಾ ‘ಯೂಸರ್-ಏಜೆಂಟ್’ ಆಗಿದ್ದರೆ ಅಪರಾಧಿ ಸಿಕ್ಕಿತು. ಖಾಲಿ ಸಾಲು ಹೆಚ್ಚಾಗಿ ಬರುವುದು ವರ್ಷನ್ ನಂಬರ್ ಮುಗಿದ ಕೂಡಲೇ. ವರ್ಷನ್ ಅನ್ನು ಒಂದು ಪುಟ್ಟ ಟೆಕ್ಸ್ಟ್ ಫೈಲ್‌ನಲ್ಲಿಟ್ಟು ಓದುವ ರೂಢಿ ಬಹಳ ಕಡೆ ಇದೆ. ಆ ಫೈಲ್‌ನಲ್ಲಿ ‘2.4’ ಬರೆದು ಎಂಟರ್ ಒತ್ತಿ ಉಳಿಸಿದ್ದರೆ, ಓದಿದ ಮೌಲ್ಯ ‘2.4’ ಮಾತ್ರವಲ್ಲ, ಅದರ ಬಾಲಕ್ಕೆ ಒಂದು ಸಾಲು ಮುರಿವು ಕೂಡ. ಅದರ ಮೇಲೆ ಕೋಡ್ ತಾನೂ ಒಂದು ಸಾಲು ಮುರಿವು ಸೇರಿಸುತ್ತದೆ. ಎರಡು ಕೂಡಿದರೆ ಖಾಲಿ ಸಾಲು. ಕೋಡ್‌ನಲ್ಲಿ ಒಂದು ಅಕ್ಷರ ಬದಲಾಗದಿದ್ದರೂ ‘ನಿನ್ನೆ ವರ್ಷನ್ ಬದಲಿಸಿದ ಮೇಲೆ ಕೆಟ್ಟಿತು’ ಎಂಬ ದೂರು ಬಂದರೆ ನೇರ ಆ ಫೈಲ್ ತೆರೆಯಿರಿ. ಪರಿಹಾರ, ಓದಿದ ಕೂಡಲೇ ಮೌಲ್ಯದ ಎರಡೂ ತುದಿಯ ಖಾಲಿ ಜಾಗ ಕತ್ತರಿಸುವುದು. ಬಹುತೇಕ ಭಾಷೆಗಳಲ್ಲಿ ‘ಟ್ರಿಮ್’ ಅಥವಾ ‘ಸ್ಟ್ರಿಪ್’ ಎಂಬ ಒಂದೇ ಪದದ ಕೆಲಸ.

ಇದೇ ದೋಷ ಎಲ್ಲ ಕಡೆ ಒಂದೇ ರೀತಿ ಕಾಣುವುದಿಲ್ಲ. ಪಿಎಚ್‌ಪಿಯ ‘ಮೇಲ್’ ಫಂಕ್ಷನ್ ಇಂಥ ಎರಡು ಸಾಲು ಮುರಿವು ಕಂಡರೆ ‘ಮಲ್ಟಿಪಲ್ ಆರ್ ಮಾಲ್‌ಫಾರ್ಮ್ಡ್ ನ್ಯೂಲೈನ್ಸ್’ ಎಂದು ಎಚ್ಚರಿಸಿ ಮೇಲನ್ನೇ ಕಳಿಸುವುದಿಲ್ಲ. ಪೈಥಾನ್‌ನ ಈಗಿನ ಇಮೇಲ್ ಲೈಬ್ರರಿ ಹೆಡರ್ ಮೌಲ್ಯದೊಳಗೆ ಸಾಲು ಮುರಿವು ಕಂಡರೆ ‘ವ್ಯಾಲ್ಯೂ ಎರರ್’ ಎಸೆದು ನಿಂತುಬಿಡುತ್ತದೆ. ಹಾಗಾಗಿ ಅಲ್ಲಿ ಗಿರಣಿಯವರಿಗೆ ಕಾಣುವ ಲಕ್ಷಣ ‘ಮೇಲ್ ಹೋಗಲೇ ಇಲ್ಲ’ ಎಂಬುದು. ಎರರ್ ಲಾಗ್ ನೋಡಿದರೆ ಅಲ್ಲೇ ಬರೆದಿರುತ್ತದೆ. ನಿಜವಾಗಿ ಹೆಡರ್‌ಗಳು ಕೆಳಗೆ ಚೆಲ್ಲುವುದು, ಹೆಡರ್‌ಗಳನ್ನು ಕೈಯಾರೆ ಸ್ಟ್ರಿಂಗ್ ಜೋಡಿಸಿ ನೇರ ಎಸ್‌ಎಂಟಿಪಿ (ಮೇಲ್ ಸಾಗಿಸುವ) ಸರ್ವರ್‌ಗೆ ಕೊಡುವ ಕೋಡ್‌ನಲ್ಲಿ. ಹಳೆಯ ವಿಷುಯಲ್ ಬೇಸಿಕ್ ಕಾಲದ ಬಿಲ್ಲಿಂಗ್ ಪ್ರೋಗ್ರಾಂಗಳು ಇನ್ನೂ ಚಾಲ್ತಿಯಲ್ಲಿರುವ ಗಿರಣಿಗಳಲ್ಲಿ ಮೊದಲ ಅನುಮಾನ ಇದರ ಮೇಲಿರಲಿ.

ಇಲ್ಲೊಂದು ಗಂಭೀರ ಎಚ್ಚರಿಕೆ. ಆ ಸಾಲು ಮುರಿವು ನಿಮ್ಮ ಫೈಲ್‌ನಿಂದ ಬಂದಿದ್ದರೆ ಅದು ದೋಷ ಅಷ್ಟೇ. ಬಳಕೆದಾರರು ಟೈಪ್ ಮಾಡಿದ ಯಾವುದಾದರೂ ಮಾಹಿತಿಯಿಂದ ಬಂದಿದ್ದರೆ ಅದು ಭದ್ರತೆಯ ತೂತು. ಕೆಲವರು ಈ ಹೆಡರ್‌ನಲ್ಲಿ ಸಾಫ್ಟ್‌ವೇರ್ ಹೆಸರಿನ ಜೊತೆಗೆ ಫಾರಂನಲ್ಲಿ ತುಂಬಿದ ಅಂಗಡಿಯ ಹೆಸರನ್ನೂ ಸೇರಿಸುತ್ತಾರೆ. ಅಂಗಡಿಯ ಹೆಸರಿನ ಜಾಗದಲ್ಲಿ ಸಾಲು ಮುರಿವು ಮತ್ತು ಅದರ ಮುಂದೆ ‘ಬಿಸಿಸಿ’ ಹೆಡರ್ ತುರುಕಿದರೆ, ನಿಮ್ಮ ಸರ್ವರ್‌ನಿಂದ ಊರಿಗೆಲ್ಲ ಮೇಲ್ ಹೋಗುತ್ತದೆ. ಕಳಿಸಿದವರು ನೀವೇ ಎಂದು ದಾಖಲಾಗುತ್ತದೆ. ಕಳಿಸಿದ ಮೇಲ್‌ಗಳ ಲಾಗ್‌ನಲ್ಲಿ ನಿಮಗೆ ಗುರುತಿಲ್ಲದ ವಿಳಾಸಗಳು ಕಂಡರೆ ರಿಪೇರಿ ಅಲ್ಲಿಗೇ ನಿಲ್ಲಿಸಿ. ಮೇಲ್ ಕಳಿಸುವುದನ್ನು ಬಂದ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಲಾಗ್ ಅಳಿಸದೆ ಪ್ರತಿ ತೆಗೆದಿಡಿ, ಹೋಸ್ಟಿಂಗ್ ಕಂಪನಿಗೆ ತಿಳಿಸಿ. ಇಂಥ ಘಟನೆಗಳನ್ನು ವರದಿ ಮಾಡಬೇಕಾದ ಕೇಂದ್ರ ಸಂಸ್ಥೆ ಸರ್ಟ್-ಇನ್, ಅದರ 2022ರ ಆದೇಶ ಕೊಡುವ ಗಡುವು ಗಮನಕ್ಕೆ ಬಂದ 6 ಗಂಟೆ. ಬ್ಯಾಂಕ್ ಖಾತೆ ಬದಲಾದ ನಕಲಿ ಬಿಲ್ ಹೋಗಿ ಯಾರಾದರೂ ದುಡ್ಡು ಹಾಕಿದ್ದರೆ ಒಂದು ಕ್ಷಣವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಲಕ್ಷಣ: ಸರ್ವರ್ ಮೇಲನ್ನು ತೆಗೆದುಕೊಳ್ಳದೆ ಮರಳಿಸುತ್ತದೆ

ಬೌನ್ಸ್ ಮೇಲ್, ಅಂದರೆ ‘ತಲುಪಲಿಲ್ಲ’ ಎಂದು ಸರ್ವರ್ ಕಳಿಸುವ ಉತ್ತರ ಬಂದರೆ ಅದನ್ನು ಡಿಲೀಟ್ ಮಾಡದೆ ಪೂರ್ತಿ ಓದಿ. 5ರಿಂದ ಶುರುವಾಗುವ ಮೂರಂಕಿಯ ಕೋಡ್ ಎಂದರೆ ಶಾಶ್ವತ ನಿರಾಕರಣೆ, ಮತ್ತೆ ಮತ್ತೆ ಕಳಿಸಿ ಪ್ರಯೋಜನವಿಲ್ಲ. 4ರಿಂದ ಶುರುವಾದರೆ ಸದ್ಯಕ್ಕೆ ಆಗುವುದಿಲ್ಲ ಎಂದರ್ಥ, ಸ್ವಲ್ಪ ಕಾಯಬಹುದು. ಸಂದೇಶದಲ್ಲಿ 5322 ಎಂಬ ಸಂಖ್ಯೆ ಕಂಡರೆ ಹೆಡರ್‌ಗಳ ರೂಪ ಕೆಟ್ಟಿದೆ ಎಂದು ಆ ಸರ್ವರ್ ಹೇಳುತ್ತಿದೆ. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಮೇಲ್ ಕಳಿಸುವವರೆಲ್ಲರ ಮೇಲೂ ಈ ನಿಯಮವನ್ನು ಬಿಗಿ ಮಾಡಿದೆ.

ಮೊದಲು ಹೆಡರ್‌ನ ಹೆಸರು ನೋಡಿ. ಅದರಲ್ಲಿ ಸ್ಪೇಸ್ ಇರಬಾರದು. ‘ಯೂಸರ್ ಏಜೆಂಟ್’ ಎಂದು ಬಿಡಿಸಿ ಬರೆದರೆ ತಪ್ಪು, ನಡುವೆ ಹೈಫನ್ ಬೇಕು. ಹೆಸರು ಮುಗಿದ ಕೂಡಲೇ ಕೋಲನ್, ನಡುವೆ ಸ್ಪೇಸ್ ಬೇಡ. ಕೋಲನ್ ಆದಮೇಲೆ ಒಂದು ಸ್ಪೇಸ್. ಹೆಸರಿನಲ್ಲಿ ಬಳಸಬಹುದಾದದ್ದು ಆಸ್ಕಿ ಎಂಬ ಮೂಲ ರೋಮನ್ ಚಿಹ್ನೆಗಳ ಪಟ್ಟಿಯ 33ರಿಂದ 126ರವರೆಗಿನ ಚಿಹ್ನೆಗಳು, ಕೋಲನ್ ಒಂದನ್ನು ಬಿಟ್ಟು. ದೊಡ್ಡಕ್ಷರ ಸಣ್ಣಕ್ಷರ ಹೇಗಿದ್ದರೂ ನಡೆಯುತ್ತದೆ.

ಎಲ್ಲ ಸರಿ ಕಾಣುತ್ತಿದೆ, ಆದರೂ ಮರಳುತ್ತಿದೆ ಎಂದರೆ ಆ ಹೈಫನ್ ಅನ್ನು ಅಳಿಸಿ ಕೀಬೋರ್ಡ್‌ನಿಂದ ಮತ್ತೆ ಒತ್ತಿ. ವರ್ಡ್ ಫೈಲ್‌ನಿಂದಲೋ ವಾಟ್ಸಾಪ್‌ನಿಂದಲೋ ಕಾಪಿ ಮಾಡಿದಾಗ ಹೈಫನ್ ಜಾಗದಲ್ಲಿ ಉದ್ದನೆಯ ಡ್ಯಾಶ್ ಬಂದು ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಸರ್ವರ್‌ಗೆ ಅದು ಆಸ್ಕಿಯಲ್ಲದ ಚಿಹ್ನೆ.

ಕನ್ನಡ ಟೈಪ್ ಮಾಡುವ ನಮಗೆ ಇನ್ನೊಂದು ತೊಡಕಿದೆ. ‘ಸಾಫ್ಟ್‌ವೇರ್’ ಎಂಬಂಥ ಪದದಲ್ಲಿ ಒತ್ತಕ್ಷರ ಆಗದಂತೆ ತಡೆಯಲು ಕೀಬೋರ್ಡ್ ಒಂದು ಕಾಣದ ಚಿಹ್ನೆ ಹಾಕುತ್ತದೆ. ಕನ್ನಡ ದಾಖಲೆಯ ನಡುವಿನಿಂದ ರೋಮನ್ ಹೆಸರನ್ನು ಕಾಪಿ ಮಾಡಿದಾಗ ಆ ಕಾಣದ ಚಿಹ್ನೆ ಅಂಟಿಕೊಂಡು ಬರುವುದುಂಟು. ಹಾಗೆಯೇ ನೋಟ್‌ಪ್ಯಾಡ್‌ನಲ್ಲಿ ‘ಬಿಒಎಂ ಸಹಿತ’ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಲ್ಲಿ ಬರೆಯುವ ರೀತಿ) ಆಗಿ ಉಳಿಸಿದ ಫೈಲ್‌ನ ತಲೆಯಲ್ಲಿ 239, 187, 191 ಎಂಬ ಮೂರು ಬೈಟ್ ಇರುತ್ತವೆ. ವರ್ಷನ್ ಫೈಲ್ ಹೀಗಿದ್ದರೆ ‘2.4’ರ ಮುಂದೆ ಆ ಮೂರೂ ಹೆಡರ್‌ಗೆ ಬಂದುಬಿಡುತ್ತವೆ. ಪತ್ತೆ ಹಚ್ಚಲು ಕಣ್ಣನ್ನು ನಂಬದೆ ಉದ್ದ ಅಳೆಯಿರಿ. ‘2.4’ ಮೂರು ಬೈಟ್ ಇರಬೇಕು. ಆರು ಬಂದರೆ ಒಳಗೆ ಯಾರೋ ಅಡಗಿದ್ದಾರೆ.

ಇದಾದ ಮೇಲೆ ಸಾಲಿನ ಅಂತ್ಯ. ಮೇಲ್‌ನಲ್ಲಿ ಪ್ರತಿ ಸಾಲೂ ಮುಗಿಯಬೇಕಾದದ್ದು ಸಿಆರ್, ಎಲ್‌ಎಫ್ ಎಂಬ ಎರಡು ಚಿಹ್ನೆಗಳ ಜೋಡಿಯಿಂದ. ಬೈಟ್ ಲೆಕ್ಕದಲ್ಲಿ 13, 10. ಎರಡರಲ್ಲಿ ಯಾವುದೂ ಒಂಟಿಯಾಗಿ ಬರುವಂತಿಲ್ಲ. ಬಹಳ ಕಾಲ ಸರ್ವರ್‌ಗಳು ಒಂಟಿ ಎಲ್‌ಎಫ್ ಅನ್ನು ಸಹಿಸಿಕೊಂಡಿದ್ದವು. 2023ರ ಡಿಸೆಂಬರ್‌ನಲ್ಲಿ ಸಾಲಿನ ಅಂತ್ಯದ ಈ ಸಡಿಲವನ್ನೇ ಬಳಸಿ ಒಂದು ಮೇಲ್‌ನೊಳಗೆ ಇನ್ನೊಂದು ನಕಲಿ ಮೇಲ್ ತೂರಿಸುವ ‘ಎಸ್‌ಎಂಟಿಪಿ ಸ್ಮಗ್ಲಿಂಗ್’ ದಾಳಿ ಬೆಳಕಿಗೆ ಬಂತು. ಆಮೇಲೆ ಪೋಸ್ಟ್‌ಫಿಕ್ಸ್ ಸೇರಿದಂತೆ ಸರ್ವರ್ ಸಾಫ್ಟ್‌ವೇರ್‌ಗಳು ಬಿಗಿಯಾದವು. ವರ್ಷಗಟ್ಟಲೆ ಓಡಿದ ಕೋಡ್ ಈಗ ಕೆಲವು ಖರೀದಿದಾರರಿಗೆ ಮಾತ್ರ ಹೋಗುತ್ತಿಲ್ಲ, ಬೌನ್ಸ್‌ನಲ್ಲಿ ‘ಬೇರ್ ಎಲ್‌ಎಫ್’ (ಒಂಟಿ ಎಲ್‌ಎಫ್) ಎಂದಿದೆ ಎಂದಾದರೆ ಕಾರಣ ಇದು. ಸಾಫ್ಟ್‌ವೇರ್ ಹೆಸರಿನ ಸಾಲನ್ನು ಆಮೇಲೆ ಯಾರೋ ಸೇರಿಸಿದ್ದು, ಅದೊಂದಕ್ಕೆ ಮಾತ್ರ ಬರೀ ಎಲ್‌ಎಫ್ ಹಾಕಿರುವುದು ಸಾಮಾನ್ಯವಾಗಿ ಸಿಗುವ ದೃಶ್ಯ. ವಿಂಡೋಸ್‌ನಲ್ಲಿ ನೋಟ್‌ಪ್ಯಾಡ್ ಪ್ಲಸ್‌ಪ್ಲಸ್ ತೆರೆದು ‘ಶೋ ಆಲ್ ಕ್ಯಾರೆಕ್ಟರ್ಸ್’ ಮಾಡಿದರೆ ಪ್ರತಿ ಸಾಲಿನ ಬಾಲದಲ್ಲಿ ಏನಿದೆ ಎಂದು ಕಾಣುತ್ತದೆ. ನೋಡಬೇಕಾದದ್ದು ಹೊರಡುವ ಮುಂಚಿನ ಪ್ರತಿ, ಏಕೆಂದರೆ ದಾರಿಯ ಸರ್ವರ್‌ಗಳು ಸಾಲಿನ ಅಂತ್ಯವನ್ನು ಸರಿಪಡಿಸಿಬಿಟ್ಟಿರಬಹುದು.

ಉಲ್ಟಾ ತೊಂದರೆಯೂ ಇದೆ. ಕ್ಯೂಮೇಲ್‌ನಂಥ ಕೆಲವು ಸರ್ವರ್‌ಗಳು ತಮಗೆ ನೇರ ಕೊಟ್ಟ ಮೇಲ್‌ನಲ್ಲಿ ಎಲ್‌ಎಫ್ ಕಂಡಲ್ಲೆಲ್ಲ ತಾವೇ ಒಂದು ಸಿಆರ್ ಸೇರಿಸುತ್ತವೆ. ನೀವೂ ಕೊಟ್ಟಿದ್ದರೆ ಎರಡು ಸಿಆರ್ ಆಗಿ ಮೇಲ್ ಕೆಡುತ್ತದೆ. ಎಸ್‌ಎಂಟಿಪಿ ಮೂಲಕ ಕಳಿಸುವ ಲೈಬ್ರರಿ ಬಳಸಿದರೆ ಈ ಗೋಜಲು ಇರುವುದಿಲ್ಲ.

ಲಕ್ಷಣ: ಕನ್ನಡ ಹೆಸರು ಪೆಟ್ಟಿಗೆ, ಪ್ರಶ್ನಾರ್ಥಕ ಚಿಹ್ನೆಗಳಾಗಿ ಬರುತ್ತದೆ

ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆ ಮಾರುವ ಆನ್‌ಲೈನ್ ಅಂಗಡಿಯೊಂದಕ್ಕೆ ಸಾಫ್ಟ್‌ವೇರ್ ಬರೆದರೆ ಅದಕ್ಕೆ ಕನ್ನಡದ ಹೆಸರಿಡಬೇಕೆನಿಸುವುದು ಸಹಜ. ಇಡಬೇಕು ಕೂಡ. ಆದರೆ ಆ ಹೆಸರನ್ನು ಹಾಗೇ ಹೆಡರ್‌ಗೆ ಸುರಿದರೆ ನಡೆಯುವುದಿಲ್ಲ. ಹೆಡರ್ ಆಸ್ಕಿಯಲ್ಲಿರಬೇಕು ಎಂಬುದು ಸಾಮಾನ್ಯ ನಿಯಮ. ಯುಟಿಎಫ್-8 ಹೆಡರ್‌ಗೆ ಅವಕಾಶ ಕೊಡುವ ಆರ್‌ಎಫ್‌ಸಿ 6532 2012ರಲ್ಲೇ ಬಂದಿದೆಯಾದರೂ, ದಾರಿಯ ಪ್ರತಿ ಸರ್ವರ್ ‘ಎಸ್‌ಎಂಟಿಪಿ-ಯುಟಿಎಫ್8’ ಒಪ್ಪಿದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಬಿಲ್ಲಿನ ಮೇಲ್‌ನಲ್ಲಿ ಆ ಪ್ರಯೋಗ ಬೇಡ.

ಕನ್ನಡವನ್ನು ಆಸ್ಕಿಯ ಉಡುಪಿನಲ್ಲಿ ಕಳಿಸುವ ದಾರಿ ಆರ್‌ಎಫ್‌ಸಿ 2047, 1996ರದ್ದು. ಕಚ್ಚಾ ಪ್ರತಿಯಲ್ಲಿ ‘=?ಯುಟಿಎಫ್-8?ಬಿ?’ ಎಂದು ಶುರುವಾಗಿ ‘?=’ ಎಂದು ಮುಗಿಯುವ ತುಂಡುಗಳು ಇವೇ. ಒಂದು ತುಂಡು 75 ಚಿಹ್ನೆ ಮೀರಬಾರದು. ಎರಡು ತುದಿಯ ಗುರುತುಗಳಿಗೆ 12 ಹೋದರೆ 63 ಉಳಿಯುತ್ತದೆ. ಬೈಟ್‌ಗಳನ್ನು ಆಸ್ಕಿ ಚಿಹ್ನೆಗಳಾಗಿ ಬರೆಯುವ ಬೇಸ್64 ರೀತಿ ನಾಲ್ಕರ ಕಟ್ಟಾಗಿ ಬರುವುದರಿಂದ 60 ಮಾತ್ರ ಬಳಕೆಗೆ, ಅದರಲ್ಲಿ ಹಿಡಿಯುವುದು 45 ಬೈಟ್. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೂ 3 ಬೈಟ್ ಬೇಕು. ಅಂದರೆ ಒಂದು ತುಂಡಿನಲ್ಲಿ 15 ಚಿಹ್ನೆ ಅಷ್ಟೇ. ‘ಳ್ಳಾ’ ಎಂಬ ಒಂದೇ ಅಕ್ಷರಕ್ಕೆ 4 ಚಿಹ್ನೆ ಖರ್ಚಾಗುತ್ತದೆ. ‘ಬಳ್ಳಾರಿ ಬಿಲ್ಲಿಂಗ್ ವ್ಯವಸ್ಥೆ’ ಎಂಬ ಹೆಸರು ನಡುವಿನ ಸ್ಪೇಸ್ ಸೇರಿ 74 ಬೈಟ್, ಅದಕ್ಕೆ ಎರಡು ತುಂಡು ಬೇಕೇ ಬೇಕು.

ತುಂಡು ಮಾಡುವಾಗ ಒಂದು ಚಿಹ್ನೆಯ ಮೂರು ಬೈಟ್‌ಗಳನ್ನು ನಡುವೆ ಕತ್ತರಿಸಬಾರದು. ಹೆಸರಿನ ನಡುವೆ ಒಂದೆರಡು ಕಡೆ ಮಾತ್ರ ಪೆಟ್ಟಿಗೆ ಬಂದು ಉಳಿದದ್ದು ಸರಿ ಕಂಡರೆ ಕೋಡ್ ಬೈಟ್ ಲೆಕ್ಕದಲ್ಲಿ ಕುರುಡಾಗಿ ಕತ್ತರಿಸಿದೆ ಎಂದರ್ಥ. ಇಡೀ ಹೆಸರು ಗಲಿಬಿಲಿಯಾಗಿದ್ದರೆ ತುಂಡೇ ಮಾಡದೆ ಹಸಿ ಬೈಟ್ ಕಳಿಸಿದೆ. ಬಿಚ್ಚಿದ ಮೇಲೂ ಹೆಸರು ವಿಚಿತ್ರ ರೋಮನ್ ಅಕ್ಷರಗಳಾಗಿ ಕಂಡರೆ ಮೂಲದಲ್ಲೇ ತಪ್ಪಿದೆ: ‘ನುಡಿ’ ಅಥವಾ ‘ಬರಹ’ ಸಾಫ್ಟ್‌ವೇರ್‌ನ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರು ಅದು. ಅದಕ್ಕೆ ಎನ್‌ಕೋಡಿಂಗ್‌ನಲ್ಲಿ ಮದ್ದಿಲ್ಲ, ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ.

ಈ ತುಂಡುಗಳನ್ನು ಎಲ್ಲಿ ಬೇಕೆಂದರಲ್ಲಿ ಹಾಕುವಂತಿಲ್ಲ ಎಂಬುದನ್ನು ಲೈಬ್ರರಿಗಳೂ ಮರೆಯುತ್ತವೆ. ‘ಎಕ್ಸ್-ಮೇಲರ್’ಗೆ ಒಳರೂಪ ಎಂಬುದಿಲ್ಲ, ಅಲ್ಲಿ ಇಡೀ ಹೆಸರು ಹೀಗೆ ಬಂದರೆ ಅಡ್ಡಿಯಿಲ್ಲ. ‘ಯೂಸರ್-ಏಜೆಂಟ್’ನಲ್ಲಿ ಹೆಸರು ಮತ್ತು ವರ್ಷನ್ ಟೋಕನ್‌ಗಳಾಗಿರಬೇಕು, ಅಂದರೆ ಸ್ಪೇಸ್ ಇಲ್ಲದ, ಕೆಲವು ಚಿಹ್ನೆಗಳಿಗೆ ನಿಷೇಧವಿರುವ ಪದಗಳು; ಟೋಕನ್‌ನಲ್ಲಿ ‘=’ ಮತ್ತು ‘?’ ನಿಷಿದ್ಧ. ಆದ್ದರಿಂದ ಹೆಸರನ್ನು ರೋಮನ್‌ನಲ್ಲಿ ಬರೆದು, ಕನ್ನಡದ ಹೆಸರನ್ನು ಪಕ್ಕದ ಆವರಣದೊಳಗೆ ಎನ್‌ಕೋಡ್ ಮಾಡಿ ಇಡಿ. ಆವರಣದೊಳಗಿನದು ಟಿಪ್ಪಣಿ, ಅಲ್ಲಿ ಇದಕ್ಕೆ ಅನುಮತಿ ಇದೆ. ಉದ್ಧರಣ ಚಿಹ್ನೆಯ ಒಳಗೆ ಮಾತ್ರ ಎಂದೂ ಹಾಕಬೇಡಿ, ಯಾರೂ ಬಿಚ್ಚುವುದಿಲ್ಲ.

ಲಕ್ಷಣ: ಮೇಲ್ ಹೋಗುತ್ತದೆ, ಆದರೆ ಸ್ಪ್ಯಾಮ್‌ನಲ್ಲಿ ಬೀಳುತ್ತದೆ

ಮೊದಲು ಕಚ್ಚಾ ಪ್ರತಿಯ ‘ಅಥೆಂಟಿಕೇಷನ್-ರಿಸಲ್ಟ್ಸ್’ ಸಾಲು ನೋಡಿ. ಎಸ್‌ಪಿಎಫ್, ಡಿಕೆಐಎಂ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ), ಡಿಮಾರ್ಕ್ (ಆ ಎರಡನ್ನೂ ‘ಫ್ರಮ್’ ವಿಳಾಸದೊಂದಿಗೆ ತಾಳೆ ನೋಡುವ ಪರೀಕ್ಷೆ) ಇವುಗಳಲ್ಲಿ ಯಾವುದಾದರೂ ‘ಫೇಲ್’ ಎಂದಿದ್ದರೆ ಅದನ್ನು ಮೊದಲು ಸರಿಮಾಡಿ. ಸ್ಪ್ಯಾಮ್‌ಗೆ ಬೀಳಲು ಇವೇ ಹೆಚ್ಚಿನ ಕಾರಣ.

ಅವೆಲ್ಲ ‘ಪಾಸ್’ ಆಗಿದ್ದರೆ ಹೆಡರ್‌ನಲ್ಲಿ ಯಾರ ಹೆಸರಿದೆ ನೋಡಿ. ‘ಔಟ್‌ಲುಕ್ ಎಂದು ಬರೆದರೆ ಸರ್ವರ್ ನಂಬುತ್ತದೆ’ ಎಂಬ ನಂಬಿಕೆಯಿಂದ ಹಳೆಯ ಕೋಡ್‌ಗಳಲ್ಲಿ ಮೈಕ್ರೋಸಾಫ್ಟ್ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂದು ಹಾಕಿರುತ್ತಾರೆ. ಪರಿಣಾಮ ಉಲ್ಟಾ. ಸ್ಪ್ಯಾಮ್‌ಅಸಾಸಿನ್‌ನಂಥ ಫಿಲ್ಟರ್‌ನಲ್ಲಿ ಇದಕ್ಕೆಂದೇ ನಿಯಮಗಳಿವೆ. ನಿಜವಾದ ಔಟ್‌ಲುಕ್ ತನ್ನ ‘ಮೆಸೇಜ್-ಐಡಿ’ಯನ್ನು ಯಾವ ರೀತಿ ಕಟ್ಟುತ್ತದೆ, ಯಾವ ಹೆಡರ್‌ಗಳನ್ನು ಜೊತೆಗೆ ಹಾಕುತ್ತದೆ ಎಂದು ಅವಕ್ಕೆ ಗೊತ್ತು. ಹೆಸರು ಔಟ್‌ಲುಕ್‌ನದು, ಉಳಿದ ಲಕ್ಷಣ ಬೇರೆಯವರದು ಎಂದಾದರೆ ‘ಫೋರ್ಜ್ಡ್’ ಎಂದು ಅಂಕ ಬೀಳುತ್ತದೆ. ಅದನ್ನು ತೆಗೆದು ನಿಮ್ಮ ಸಾಫ್ಟ್‌ವೇರ್‌ನ ನಿಜ ಹೆಸರು ಹಾಕಿ. ಜೊತೆಗೆ ಕಾಪಿಯಾಗಿ ಬಂದ ‘ಎಕ್ಸ್-ಎಂಎಸ್‌ಮೇಲ್-ಪ್ರಯಾರಿಟಿ’ಯನ್ನೂ ತೆಗೆಯಿರಿ.

ಲಕ್ಷಣ: ಕೆಲವರಿಗೆ ಮಾತ್ರ ಡಿಕೆಐಎಂ ‘ಫೇಲ್’

ಫಲಿತಾಂಶದಲ್ಲಿ ‘ಬಾಡಿ ಹ್ಯಾಶ್’ ಹೊಂದಲಿಲ್ಲ ಎಂದಿದ್ದರೆ ಹೆಡರ್ ಬಿಡಿ, ಮೇಲ್‌ನ ಒಳವಿಷಯ ದಾರಿಯಲ್ಲಿ ಬದಲಾಗಿದೆ. ಬರೀ ಸಹಿ ಹೊಂದಲಿಲ್ಲ ಎಂದಿದ್ದರೆ ಉದ್ದದ ಹೆಡರ್ ಮೇಲೆ ಅನುಮಾನಪಡಿ. ಒಂದು ಸಾಲು 78 ಚಿಹ್ನೆಯೊಳಗಿರಲಿ ಎಂಬುದು ಸಲಹೆ, 998 ದಾಟಲೇಬಾರದು ಎಂಬುದು ಆಜ್ಞೆ, ಕೊನೆಯ ಸಿಆರ್-ಎಲ್‌ಎಫ್ ಬಿಟ್ಟು. ಉದ್ದವಾದರೆ ಸ್ಪೇಸ್ ಇರುವಲ್ಲಿ ಮುರಿದು, ಮುಂದಿನ ಸಾಲನ್ನು ಸ್ಪೇಸ್ ಅಥವಾ ಟ್ಯಾಬ್‌ನಿಂದ ಶುರು ಮಾಡಬೇಕು. ಪದದ ನಡುವೆ ಮುರಿಯಬಾರದು.

ನೀವು ಬಳಸಿದ ಲೈಬ್ರರಿ, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್ ಎಲ್ಲವನ್ನೂ ಈ ಸಾಲಿಗೆ ತುಂಬಿದರೆ ದಾರಿಯ ಯಾವುದೋ ಗೇಟ್‌ವೇ ಅದನ್ನು ತನಗೆ ಬೇಕಾದಂತೆ ಮರುಮಡಚುತ್ತದೆ. ‘ಸಿಂಪಲ್’ ವಿಧಾನದಲ್ಲಿ ಸಹಿ ಮಾಡಿದ್ದರೆ ಒಂದು ಸ್ಪೇಸ್ ಬದಲಾದರೂ ಸಹಿ ಮುರಿಯುತ್ತದೆ, ‘ರಿಲ್ಯಾಕ್ಸ್ಡ್’ ಆದರೆ ತಡೆದುಕೊಳ್ಳುತ್ತದೆ. ಸಾಲನ್ನು ಚಿಕ್ಕದು ಮಾಡುವುದು ನಿಮ್ಮ ಕೈಯಲ್ಲಿದೆ, ಮೊದಲು ಅದನ್ನು ಮಾಡಿ. ಆಮೇಲೆ ಸಹಿಯಲ್ಲಿ ಸೇರಿದ ಹೆಡರ್‌ಗಳ ಪಟ್ಟಿಯಿಂದ ಇದನ್ನು ಬಿಡಿಸಬಹುದು, ‘ಫ್ರಮ್’ನಂತೆ ಇದಕ್ಕೆ ಸಹಿ ಕಡ್ಡಾಯವಲ್ಲ. ಸಹಿ ತಾಳೆ ನೋಡಲು ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ದಾಖಲೆಗಳಲ್ಲಿ) ಇಟ್ಟಿರುವ ಕೀಗೆ ಮಾತ್ರ ಸುಗ್ಗಿಯ ನಡುವೆ ಕೈಹಾಕಬೇಡಿ. ಅಲ್ಲಿ ತಪ್ಪಾದರೆ ಒಬ್ಬರ ಬಿಲ್ಲಲ್ಲ, ಎಲ್ಲರದೂ ನಿಲ್ಲುತ್ತದೆ.

ಸರಿಯಾದ ಸಾಲು ಹೇಗಿರಬೇಕು

ಯೂಸರ್-ಏಜೆಂಟ್: ಗಿರಣಿಬಿಲ್/2.4

ಇಷ್ಟು ಸಾಕು. ಹೆಸರು, ಓರೆಗೆರೆ, ವರ್ಷನ್. ಹೆಸರಿನಲ್ಲಿ ಅಕ್ಷರ, ಅಂಕಿ, ಹೈಫನ್, ಚುಕ್ಕಿ ಬಳಸಿ. ‘ಗಿರಣಿ ಬಿಲ್/2.4’ ಎಂದು ಸ್ಪೇಸ್ ಬಿಟ್ಟರೆ ‘ಗಿರಣಿ’ ಒಂದು ಸಾಫ್ಟ್‌ವೇರ್, ‘ಬಿಲ್/2.4’ ಇನ್ನೊಂದು ಎಂದಾಗುತ್ತದೆ. ಟಿಪ್ಪಣಿ ಬೇಕಿದ್ದರೆ ಆವರಣದಲ್ಲಿ ಬರೆದು ಆವರಣ ಮುಚ್ಚಿ. ತೆರೆದು ಬಿಟ್ಟ ಆವರಣ ಕೂಡ ರೂಪದೋಷವೇ. ಎರಡನೆಯ ಘಟಕದ ಹೆಸರು ಹೇಳಲೇಬೇಕಾದರೆ ಸ್ಪೇಸ್ ಬಿಟ್ಟು ಅದೇ ರೂಪದಲ್ಲಿ ಬರೆಯಿರಿ, ಮುಖ್ಯವಾದದ್ದು ಮೊದಲು. ‘ಎಕ್ಸ್-ಮೇಲರ್’, ‘ಯೂಸರ್-ಏಜೆಂಟ್’ ಎರಡೂ ಬೇಡ, ಒಂದನ್ನು ಆರಿಸಿ. ‘ಎಕ್ಸ್-’ ಹಚ್ಚಿ ಹೊಸ ಹೆಸರು ಹುಟ್ಟಿಸುವುದನ್ನು 2012ರ ಆರ್‌ಎಫ್‌ಸಿ 6648 ಬೇಡವೆಂದಿದೆ, ಹೊಸ ಕೋಡ್‌ಗೆ ನಾನು ‘ಯೂಸರ್-ಏಜೆಂಟ್’ ಅನ್ನೇ ಹೇಳುತ್ತೇನೆ.

ಹಾಕಬಾರದ್ದೂ ಇದೆ. ಗಿರಣಿಯ ಜಿಎಸ್‌ಟಿ ನಂಬರ್, ಮಾಲೀಕರ ಫೋನ್, ಲೈಸೆನ್ಸ್ ಕೀ, ಕಂಪ್ಯೂಟರಿನ ಹೆಸರು, ಫೋಲ್ಡರ್ ದಾರಿ ಇವು ಯಾವುವೂ ಈ ಸಾಲಿಗೆ ಸೇರಿದವಲ್ಲ. ಪಿಎಚ್‌ಪಿ ಕಲಿಸುವ ಉದಾಹರಣೆಗಳಲ್ಲಿ ಈ ಜಾಗಕ್ಕೆ ಪಿಎಚ್‌ಪಿಯ ವರ್ಷನ್ ಹಾಕುವುದುಂಟು. ಅದು ನಿಮ್ಮ ಸಾಫ್ಟ್‌ವೇರ್‌ನ ಗುರುತಲ್ಲ, ಹಳೆಯ ವರ್ಷನ್ ಹುಡುಕುವ ಕಳ್ಳರಿಗೆ ಸುಳಿವು ಅಷ್ಟೇ. ಕೆಲವು ಹೋಸ್ಟಿಂಗ್‌ಗಳಲ್ಲಿ ಪಿಎಚ್‌ಪಿ ತಾನಾಗಿ ಸ್ಕ್ರಿಪ್ಟ್ ಫೈಲ್‌ನ ಹೆಸರನ್ನೂ ಒಂದು ಹೆಡರ್‌ನಲ್ಲಿ ಹೊರಗೆ ಕಳಿಸುತ್ತದೆ. ಕಂಡರೆ ‘ಮೇಲ್.ಆಡ್_ಎಕ್ಸ್_ಹೆಡರ್’ ಸೆಟ್ಟಿಂಗ್ ಆಫ್ ಮಾಡಿಸಿ.

ಎಲ್ಲಿ ನಿಲ್ಲಿಸಿ, ಯಾರಿಗೆ ಒಪ್ಪಿಸಬೇಕು

ಸಾಲು ತೆಗೆದರೂ ದೋಷ ಹೋಗದಿದ್ದರೆ, ಹೊರಡುವ ಮುಂಚಿನ ಪ್ರತಿ ಸರಿಯಿದ್ದು ತಲುಪಿದ ಪ್ರತಿ ಮಾತ್ರ ಕೆಟ್ಟಿದ್ದರೆ, ಅಥವಾ ಒಂದೇ ಕಂಪನಿಯ ಮೇಲ್‌ಬಾಕ್ಸ್‌ಗಳಿಗೆ ಮಾತ್ರ ಹೋಗದಿದ್ದರೆ ತೊಂದರೆ ನಿಮ್ಮ ಕೋಡ್‌ನಾಚೆ ಇದೆ. ಹೋಸ್ಟಿಂಗ್ ಅಥವಾ ಮೇಲ್ ಸೇವೆಯವರಿಗೆ ಬರೆಯಿರಿ. ‘ಮೇಲ್ ಹೋಗ್ತಿಲ್ಲ’ ಎಂದಷ್ಟೇ ಬರೆದರೆ ಅವರು ನಾಲ್ಕು ಪ್ರಶ್ನೆ ಕೇಳಿ ಎರಡು ದಿನ ಕಳೆಯುತ್ತಾರೆ. ಹೊರಡುವ ಮುಂಚಿನ ಮತ್ತು ತಲುಪಿದ ಎರಡೂ ಇಎಂಎಲ್ ಫೈಲ್, ಬೌನ್ಸ್‌ನ ಪೂರ್ತಿ ಪಠ್ಯ, ‘ಮೆಸೇಜ್-ಐಡಿ’, ಕಳಿಸಿದ ಹೊತ್ತು ಭಾರತೀಯ ಕಾಲಮಾನ ಎಂದು ನಮೂದಿಸಿ ಒಟ್ಟಿಗೆ ಕೊಡಿ. ಬಿಲ್ಲಿನ ದರ, ಖಾತೆ ನಂಬರ್ ಹೊರಗೆ ಹೋಗದಂತೆ ಈ ಪರೀಕ್ಷೆಗೆ ಒಂದು ಖಾಲಿ ಮಾದರಿ ಬಿಲ್ಲನ್ನೇ ಬಳಸಿ. ಅಷ್ಟರೊಳಗೆ ಗೇಟಿನಲ್ಲಿ ನಿಂತ ಲಾರಿಯ ಬಿಲ್ಲನ್ನು ಮುನೀಮರ ಸ್ವಂತ ಮೇಲ್ ಪ್ರೋಗ್ರಾಂನಿಂದ ಪಿಡಿಎಫ್ ಲಗತ್ತಿಸಿ ಕಳಿಸಿಬಿಡಿ.